ಎಲೆ ಎತ್ತುವ ಮೊದಲು

ಆ ಶುಕ್ರವಾರ ನನ್ನ ಗಂಡ ತಿಮ್ಮರಾಯಪ್ಪ ಬನಶಂಕರಿಯ ಮದುವೆಯೊಂದರಲ್ಲಿ ಊಟ ಬಡಿಸಿ ಸಂಜೆ ಮನೆಗೆ ಬಂದರು. ಬಂದವರೇ ಜಗಲಿಯ ಮೇಲೆ ಕೂತು ಕಾಲು ನೀಡಿದರು. ಪಾದ ಊದಿತ್ತು. ಅಂಗಿಯ ಮೇಲೆ ಸಾರಿನ ಕಲೆ. ನಾನು ಬಕೆಟಿಗೆ ಬಿಸಿನೀರು ಹಾಕಿ ತಂದಿಟ್ಟೆ. ಕಾಲು ಅದ್ದಿಕೊಂಡು ನಕ್ಕರು.

"ಗಂಡಿನ ಕಡೆಯೋರು ಒಬ್ಬಟ್ಟು ಹಾಕಿಸ್ಕೊಂಡ್ರು, ಹಾಕಿಸ್ಕೊಂಡ್ರು, ಮುಗೀಲೇ ಇಲ್ಲ ಕಣೇ. ನಮ್ಮೋರಿಗೆ ಅಂತ ಎತ್ತಿಟ್ಟಿದ್ದೂ ಹೋಯ್ತು."

"ಹಂಗಾದ್ರೆ ನೀವೇನು ತಿಂದ್ರಿ?"

"ಅನ್ನ ಸಾರು. ಇನ್ನೇನು."

"ನಾಳೆ ವಿಮಾನ ಹತ್ತೋರು ಇವತ್ತು ಕಾಲು ಊದಿಸ್ಕೊಂಡು ಬಂದಿದ್ದೀರಲ್ಲ."

"ವಿಮಾನದಲ್ಲಿ ಕಾಲಿಗೇನೇ ಕೆಲಸ? ಕೂರೋದು ತಾನೆ."

ಆಮೇಲೆ ಮೇಲಿನ ಟ್ಯಾಂಕು ತುಂಬಿ ಹರಿಯಿತು. ಒದ್ದೆ ಕಾಲಲ್ಲೇ ಮೋಟಾರ್ ನಿಲ್ಲಿಸಲು ಓಡಿದರು. ಮುದ್ದೆ ಉಂಡರು. ಟಿವಿ ಹಾಕಿಕೊಂಡು ಅದರ ಮುಂದೆಯೇ ನಿದ್ದೆ ಮಾಡಿದರು. ಅದೇ ಕೊನೆಯ ಮಾಮೂಲಿ ದಿನ. ವಿಶೇಷ ಏನೂ ಇರಲಿಲ್ಲ.

ನಾವು ಜರಗನಹಳ್ಳಿಯವರು. ನಮ್ಮ ಮಾವನವರ ಕಾಲಕ್ಕೆ ಇಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದರು. ಬಡಾವಣೆಗಳು ಬಂದವು, ಹೊಲ ಹೋಯಿತು. ಪಾಲಿನಲ್ಲಿ ನಮಗೊಂದು ಸೈಟು ಬಂತು. ಅದರಲ್ಲಿ ಮನೆ ಕಟ್ಟಿ, ಕೆಳಗೆ ನಾವಿದ್ದು ಮೇಲಿನದನ್ನು ಬಾಡಿಗೆಗೆ ಕೊಟ್ಟೆವು. ಕೂತು ಉಣ್ಣಬಹುದಿತ್ತು. ಇವರು ಕೂರಲಿಲ್ಲ. ಸಣ್ಣ ವಯಸ್ಸಿನಿಂದ ಮದುವೆ ಮನೆಗಳಲ್ಲಿ ಬಡಿಸಿದವರು. ಮೊದಲು ನೆಂಟರ ಮನೆಯಲ್ಲಿ, ಆಮೇಲೆ ಕೇಟರಿಂಗ್‌ನವರ ಜೊತೆ. ಕೊನೆಗೆ ತಮ್ಮದೇ ಒಂದು ತಂಡ ಕಟ್ಟಿದರು. ಜಯನಗರ, ಬನಶಂಕರಿ, ಜೆ.ಪಿ. ನಗರದ ಕಲ್ಯಾಣ ಮಂಟಪಗಳಲ್ಲಿ ಇವರನ್ನು ಹೆಸರಿನಿಂದ ಕರೆದವರು ಕಡಿಮೆ. ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು.

ನೆಂಟರಿಗೆ ಇದು ನಾಚಿಕೆ. "ಬಾಡಿಗೆ ಬರುತ್ತಲ್ಲ ತಿಮ್ಮರಾಯಪ್ಪ, ಊರೋರ ಎಂಜಲೆಲೆ ಹಿಂದೆ ಯಾಕೆ ಓಡಾಡ್ತೀಯ?" ಅನ್ನುತ್ತಿದ್ದರು.

"ಬಾಡಿಗೆ ಕೂತ್ರೂ ಬರುತ್ತೆ, ಓಡಾಡಿದ್ರೂ ಬರುತ್ತೆ. ಕೂತ್ರೆ ಜೊತೆಗೆ ಸಕ್ಕರೆ ಕಾಯಿಲೆನೂ ಬರುತ್ತೆ," ಅನ್ನುತ್ತಿದ್ದರು ಇವರು. ಓಡಾಡಿದರೂ ಬಂತು. ಮಾತ್ರೆ ತಿನ್ನುತ್ತಿದ್ದರು.

ಇವರಿಗೆ ಎರಡು ಕಟ್ಟುಪಾಡು ಇದ್ದವು. ಸಾಲಿನಲ್ಲಿ ಕೊನೆಯ ಎಲೆಗೆ ಬೀಳುವವರೆಗೆ ಮೊದಲ ಎಲೆಯವನು ಕೈ ಹಾಕಬಾರದು. ಬಡಿಸುವವನು ಎಲ್ಲರದೂ ಮುಗಿದ ಮೇಲೇ ಉಣ್ಣಬೇಕು. ಮಂಟಪದಲ್ಲಿ ಈ ಕಾಲದ ಜನ ಕೇಳುವುದಿಲ್ಲ, ಪಲ್ಯ ಬಿದ್ದಾಗಲೇ ಶುರುಮಾಡುತ್ತಾರೆ. ಮನೆಯಲ್ಲಿ ಇವರು ಬಿಡುತ್ತಿರಲಿಲ್ಲ. ನಾನು ತಟ್ಟೆ ಹಾಕಿಕೊಂಡು ಕೂರುವವರೆಗೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದರು. ಮುದ್ದೆ ಆರುತ್ತಿತ್ತು. ನಾನು ಬೈಯುತ್ತಿದ್ದೆ. ಬೈದದ್ದು ದಂಡ.

ವಿಮಾನದ ವಿಷಯ ತಂದವಳು ಉಮಾಶ್ರೀ. ಮೇಲಿನ ಮನೆಯಲ್ಲಿ ಬಾಡಿಗೆಗೆ ಇದ್ದಾಳೆ. ಬಾಗಲಕೋಟೆ ಕಡೆಯ ಹುಡುಗಿ. ಬಿ.ಟಿ.ಎಂ. ಲೇಔಟಿನ ಒಂದು ಕಂಪನಿಯಲ್ಲಿ ಕೆಲಸ. ಸೋಪು, ಬ್ಯಾಂಕು, ಆಸ್ಪತ್ರೆ, ಯಾವುದು ಹೇಗಿದೆ ಎಂದು ಜನರನ್ನು ಕೇಳಿ ಬರೆದುಕೊಡುವ ಕಂಪನಿ. ಒಂದು ದಿನ ಮೆಟ್ಟಿಲು ಇಳಿದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಆಂಟಿ, ಅಂಕಲ್, ವಿಮಾನದಾಗ ಹೋಗ್ತೀರೇನ್ರಿ? ಹೈದರಾಬಾದಿಗೆ. ಮುಂಜಾನೆ ಹೋಗಿ ಸಂಜೀಕ ಬರೂದು. ಟಿಕೀಟು ನಮ್ಮ ಕಂಪನೀದು."

"ಅಲ್ಲೇನು ಕೆಲಸ ನಮಗೆ?" ಅಂದೆ.

"ಅಲ್ಲೇನಿಲ್ರಿ. ಹೋಗೂದ ಕೆಲಸ. ಹೋಗೂಮುಂದ ಅಗ್ಗದ ವಿಮಾನ, ಬರೂಮುಂದ ದೊಡ್ಡ ಕಂಪನೀದು. ಯಾವುದ್ರಾಗ ಹೆಂಗ ನೋಡ್ಕೊಂಡ್ರು ಅಂತ ಬಂದು ಹೇಳಬೇಕ್ರಿ. ಒಂದರಿಂದ ಐದರ ತನಕ ಮಾರ್ಕ್ಸ್ ಕೊಡಬೇಕು. ಇಂಗ್ಲಿಷ್ ಬರಲಾರದವ್ರು, ಮೊದಲನೇ ಸಲ ಹತ್ತಾವ್ರು ಬೇಕಾಗ್ಯಾರ."

"ಮಾರ್ಕ್ಸ್ ಕಡಿಮೆ ಕೊಟ್ರೆ ಏನಾಗುತ್ತೆ?" ಎಂದು ಇವರು ಕೇಳಿದರು.

"ಎರಡಕ್ಕಿಂತ ಕಡಿಮಿ ಬಂದ್ರ ಯಾರು ಆ ಸಾಲಿನ ಡ್ಯೂಟಿ ಮಾಡಿದ್ರು ಅಂತ ಹುಡುಕ್ತಾರ್ರಿ. ಕರದು ಕೇಳ್ತಾರ."

"ಹಂಗಾದ್ರೆ ಎಲ್ರಿಗೂ ಐದು. ಈಗ್ಲೇ ಬರ್ಕೋ. ವಿಮಾನ ಹತ್ತೋದೇ ಬೇಡ."

"ಹಂಗ ಮಾಡಿದ್ರ ನನ್ನ ಕೆಲಸ ಹೋಗ್ತೈತ್ರಿ ಅಂಕಲ್!"

ಇವರು ಜೋರಾಗಿ ನಕ್ಕರು. ಹೋಗುವುದೆಂದಾಯಿತು.

ಶನಿವಾರ ಬೆಳಿಗ್ಗೆ ಅಗ್ಗದ ವಿಮಾನ. ನಮ್ಮಿಬ್ಬರನ್ನು ಬೇರೆ ಬೇರೆ ಕಡೆ ಕೂರಿಸಿದರು. ಜೊತೆಗೆ ಕೂರಲು ಬೇರೆ ದುಡ್ಡಂತೆ. ಇವರು ಮುಂದೆ, ನಾನು ಹಿಂದೆ, ಅಕ್ಕಪಕ್ಕ ಇಬ್ಬರೂ ಗಂಡಸರು. ಸೀಟು ಬಸ್ಸಿನ ಸೀಟಿಗಿಂತ ಇಕ್ಕಟ್ಟು. ಮಂಡಿ ಮುಂದಿನ ಸೀಟಿಗೆ ತಾಗುತ್ತಿತ್ತು. ನಾನು ಸೆರಗು ಹಿಡಿದುಕೊಂಡು ಮುದುಡಿ ಕೂತಿದ್ದೆ. ಬಡಿಸುವ ಹುಡುಗಿ ಬೆಲ್ಟು ನೋಡಲು ಬಂದವಳು ನನ್ನ ಮುಖ ನೋಡಿದಳು.

"ಅಮ್ಮ, ಕನ್ನಡಾನಾ? ಒಬ್ರೇ ಬಂದಿದ್ದೀರಾ?"

"ಇಲ್ಲಮ್ಮ. ಅವರು ಅಲ್ಲವ್ರೆ. ಆ ಬಿಳಿ ಅಂಗಿ."

ಅವಳು ನನ್ನ ಪಕ್ಕದವನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅವನು ಕಿವಿಯ ತಂತಿ ಸುತ್ತಿಕೊಂಡು ಎದ್ದು ಹೋದ. ಇವರು ಬಂದು ಕೂತರು. ಅದಕ್ಕೆ ಅವಳಿಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ.

ಮೇಲೆ ಹೋದ ಮೇಲೆ ಗಾಡಿ ತಳ್ಳಿಕೊಂಡು ಬಂದರು. ಬೇಕಾದವರು ಕೊಂಡುಕೊಳ್ಳಬೇಕು. ಕಿಟಕಿ ಪಕ್ಕದ ಹುಡುಗ ಬಟ್ಟಲಿನ ನೂಡಲ್ಸ್ ಕೊಂಡ. ಬಿಸಿನೀರು ಹುಯ್ದು ಕೊಟ್ಟರು. ಅವನೊಬ್ಬನೇ ತಿನ್ನತೊಡಗಿದ. ಅವನ ಮುಂದೆ ಇತ್ತು, ನಮ್ಮ ಮುಂದೆ ಇರಲಿಲ್ಲ. ಇವರಿಗೆ ಇದು ತಡೆಯಲಾಗಲಿಲ್ಲ.

"ಒಂದೇ ಸಾಲಲ್ಲಿ ಒಬ್ಬನಿಗೆ ಬಡಿಸಿ ಪಕ್ಕದವನ ಎಲೆ ಖಾಲಿ ಬಿಡೋದಾ? ಎಂಥಾ ಪಂಕ್ತಿನೇ ಇದು," ಅಂದರು ನನ್ನ ಕಿವಿಯಲ್ಲಿ. ನಾನು ಕಟ್ಟಿ ತಂದಿದ್ದ ಪುಳಿಯೋಗರೆ ಡಬ್ಬಿ ತೆಗೆಸಿದರು. ನನಗೆ ಹಾಕಿ, ಕಿಟಕಿ ಹುಡುಗನ ಬಟ್ಟಲಿನ ಮುಚ್ಚಳಕ್ಕೆ ಒಂದು ಸೌಟು ಹಾಕಿದರು. ಅವನು ಬೇಡ ಬೇಡ ಅನ್ನುವಷ್ಟರಲ್ಲಿ ಬಿದ್ದಿತ್ತು. ಆಚೆ ಸಾಲಿನ ಇಬ್ಬರಿಗೆ ಟಿಶ್ಯೂ ಕಾಗದದ ಮೇಲೆ ಹಾಕಿದರು. ಗಾಡಿ ತಳ್ಳುತ್ತಿದ್ದ ಅದೇ ಹುಡುಗಿ ನಿಂತುಬಿಟ್ಟಳು.

"ಅಂಕಲ್, ನಮ್ಮ ವ್ಯಾಪಾರ ಹಾಳು ಮಾಡ್ತಾ ಇದ್ದೀರ."

"ನಿಂದು ಆಯ್ತೇನಮ್ಮ ತಿಂಡಿ?"

"ಡ್ಯೂಟಿ ಮುಗೀಲಿ ಅಂಕಲ್."

"ಹೌದೌದು. ಬಡಿಸೋರದು ಕೊನೇಲೇ." ಇವರಿಗೆ ಅವಳ ಮೇಲೆ ಅಭಿಮಾನ ಬಂತು.

ಹೇಳಿದ ಹೊತ್ತಿಗಿಂತ ಮುಂಚೆಯೇ ಹೈದರಾಬಾದಿನಲ್ಲಿ ಇಳಿಸಿದರು. ಇಡೀ ದಿನ ನಿಲ್ದಾಣದ ಕುರ್ಚಿಯಲ್ಲಿ ಕೂತೆವು. ಆಚೆ ಹೋದರೆ ದಾರಿ ತಪ್ಪೀತು ಎಂದು ಭಯ. ಉಳಿದ ಪುಳಿಯೋಗರೆಯನ್ನು ಮಧ್ಯಾಹ್ನಕ್ಕೆ ಖಾಲಿ ಮಾಡಿದೆವು. ಮಗಳು ಶ್ವೇತ ಸುಬ್ರಹ್ಮಣ್ಯಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅವಳು ಫೋನ್ ಮಾಡಿ, "ಅಪ್ಪ, ಹೈದರಾಬಾದಲ್ಲಿ ಏನೇನು ನೋಡಿದ್ರಿ?" ಎಂದು ಕೇಳಿದಳು.

"ಕುರ್ಚಿ ನೋಡ್ದೆ. ಸಖತ್ತಾಗವೆ ಕುರ್ಚಿ."

ಸಂಜೆಯ ದೊಡ್ಡ ಕಂಪನಿಯ ವಿಮಾನ ತಡವಾಯಿತು. ಒಂದು ಗಂಟೆಗೂ ಹೆಚ್ಚು. ಯಾಕೆಂದು ಯಾರೂ ಹೇಳಲಿಲ್ಲ. ಆದರೆ ಒಳಗೆ ಹೋದರೆ ಚೆನ್ನಾಗಿತ್ತು. ಸೀಟು ಅಗಲ. ಕೇಳದೆಯೇ ಇಬ್ಬರನ್ನೂ ಜೊತೆಗೆ ಕೂರಿಸಿದ್ದರು. ಬಾಗಿಲಲ್ಲಿ ಕೈ ಮುಗಿದರು. ಮುಂದಿನ ಕೆಲವು ಸೀಟುಗಳಿಗೆ ಪರದೆ ಎಳೆದಿದ್ದರು. ಒಳಗಿನಿಂದ ಗಾಜಿನ ಲೋಟದ ಸದ್ದು ಬರುತ್ತಿತ್ತು. ಇವರು ಆ ಪರದೆಯನ್ನೇ ನೋಡುತ್ತಿದ್ದರು.

"ಒಳಗೆ ಬೇರೆ ಪಂಕ್ತಿ ಐತೆ ಕಣೇ. ಆ ಅಗ್ಗದ ವಿಮಾನ ಸಾಲಲ್ಲೇ ಭೇದ ಮಾಡ್ತು, ಇದು ಪರದೆ ಕಟ್ಟಿ ಮಾಡುತ್ತೆ," ಅಂದರು.

ಊಟ ಕೊಡುತ್ತಾರೆ ಎಂದು ಉಮಾಶ್ರೀ ಹೇಳಿದ್ದಳು. ಗಾಡಿ ಕಂಡ ತಕ್ಷಣ ಇವರು ಸಕ್ಕರೆ ಮಾತ್ರೆ ನುಂಗಿದರು. ಮಾತ್ರೆ ನುಂಗಿದ ಮೇಲೆ ಊಟ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದು ಅವರಿಗೂ ಗೊತ್ತು, ನನಗೂ ಗೊತ್ತು. ತಟ್ಟೆ ಬಂತು. ಅನ್ನ, ಪನೀರು, ಬನ್ನು, ಒಂದು ಸಿಹಿ. ಬಿಸಿ ಇತ್ತು. ನಾನು ತಿಂದೆ. ಇವರು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ತಿನ್ನಿ," ಅಂದೆ.

"ಹಿಂದಿನವರಿಗೆ ಇನ್ನೂ ಬಂದಿಲ್ಲ. ಬರಲಿ."

"ಇದು ಮದುವೆ ಮನೆಯಲ್ಲ ರೀ."

"ಬರ್ಲಿ ತಡಿಯೇ. ಎಷ್ಟೊತ್ತು."

ಹಿಂದೆ ಬಹಳ ಸಾಲುಗಳಿದ್ದವು. ಕತ್ತು ತಿರುಗಿಸಿ ನೋಡುತ್ತಿದ್ದರು. ಕೊನೆಯ ಸಾಲಿಗೆ ಗಾಡಿ ಮುಟ್ಟುವ ಹೊತ್ತಿಗೆ ಗಂಟೆ ಬಾರಿಸಿತು, ಏನೋ ಹೇಳಿದರು, ವಿಮಾನ ಇಳಿಯತೊಡಗಿತು. ನಮ್ಮ ಸಾಲಿಗೆ ಬಡಿಸಿದ್ದ ಹುಡುಗಿ ತಟ್ಟೆ ವಾಪಸು ತೆಗೆದುಕೊಳ್ಳುತ್ತ ಮುಂದಿನಿಂದ ಬಂದಳು. ಇವರನ್ನು ಇಂಗ್ಲಿಷಿನಲ್ಲಿ ಕೇಳಿದಳು. ಇವರು ನಕ್ಕು, "ಆಗ್ಲಿ, ಎಲ್ರಿಗೂ ಆಗ್ಲಿ," ಅಂದರು. ಅವಳಿಗೆ ಕನ್ನಡ ಬಾರದು. ಹಿಂದಿಯಲ್ಲಿ ಕೇಳಿದಳು. ಇವರು ಮತ್ತೆ ನಕ್ಕರು. ಆಗಷ್ಟೇ ಅನ್ನದ ಪೊಟ್ಟಣದ ಮೂಲೆ ಬಿಡಿಸಿದ್ದರು. ವಿಮಾನ ಅಲುಗಿತು. ಅವಳು ಮತ್ತೊಮ್ಮೆ ಏನೋ ಕೇಳಿ, ಉತ್ತರಕ್ಕೆ ಕಾಯದೆ ತಟ್ಟೆ ಎತ್ತಿದಳು. ಮುಂದಿನ ಹಲಗೆಯನ್ನು ಮಡಚಿ ಸೀಟಿಗೆ ಸೇರಿಸಿ ಹೋದಳು. ಮುಖ ನೋಡಲಿಲ್ಲ.

"ಹಿಡ್ಕೊಳ್ಳೋದಲ್ವೇ ತಟ್ಟೆನ?" ಅಂದೆ.

"ಬಡಿಸೋರ ಕೈ ಹಿಡೀಬಾರ್ದು ಕಣೇ. ಅವಳಿಗೂ ಅವಸರ."

ಊರಿಗೆ ಬರುವ ಬಸ್ಸಿನಲ್ಲಿ ಇವರು ಬೆವೆತರು. ಕೈ ನಡುಗಿತು. ಮಾತು ತೊದಲಿತು. ಮುಂದೆ ಕೂತಿದ್ದ ಹೆಂಗಸೊಬ್ಬಳು ಚಾಕೊಲೇಟು ಕೊಟ್ಟಳು. ಬನಶಂಕರಿಯಲ್ಲಿ ಇಳಿದು ಬೇಕರಿಯಲ್ಲಿ ಬನ್ನು, ಟೀ ಕೊಡಿಸಿದೆ. ಸರಿಹೋದರು. "ಆ ವಿಮಾನದ ಬನ್ನೂ ಇಂಥದ್ದೇ ಇತ್ತು," ಎಂದು ನಕ್ಕರು. ಮನೆಗೆ ಬಂದು ಮಲಗಿದರು.

ಭಾನುವಾರ ಬೆಳಿಗ್ಗೆ ಜಯನಗರದಲ್ಲಿ ಒಂದು ಗೃಹಪ್ರವೇಶ ಇತ್ತು. ಬಿಳಿ ಅಂಗಿ ಹಾಕಿಕೊಳ್ಳುತ್ತಿದ್ದರು. ಒಂದು ತೋಳು ಹಾಕಿದ್ದರು. ಮಂಚದ ಮೇಲೆ ಕೂತರು. ಹಾಗೇ ಒರಗಿದರು. ನಾನು ಕಾಫಿ ತರುವಷ್ಟರಲ್ಲಿ ಇರಲಿಲ್ಲ.

ಹೃದಯ ನಿಂತಿದೆ ಎಂದರು ಡಾಕ್ಟರು. ನಿನ್ನೆ ಊಟ ತಪ್ಪಿದ್ದನ್ನು ಹೇಳಿದೆ. "ಅದರಿಂದಲೇ ಅಂತ ಹೇಳೋಕಾಗಲ್ಲಮ್ಮ. ಹೃದಯ ಮೊದಲಿಂದ ಸುಸ್ತಾಗಿತ್ತು," ಅಂದರು. ನಾನು ಅದರಲ್ಲಿ ಮೊದಲ ಮಾತನ್ನು ಹಿಡಿದುಕೊಳ್ಳಲಿಲ್ಲ, ಎರಡನೆಯದನ್ನೂ ಹಿಡಿದುಕೊಳ್ಳಲಿಲ್ಲ. ನನ್ನ ಕಣ್ಣಿನ ಮುಂದೆ ಆ ತಟ್ಟೆ ಇತ್ತು. ಮೂಲೆ ಬಿಡಿಸಿದ ಪೊಟ್ಟಣ ಇತ್ತು. ಎತ್ತಿಕೊಂಡು ಹೋದ ಕೈ ಇತ್ತು.

ಶ್ವೇತಳಿಗೆ ಎಲ್ಲ ಹೇಳಿದೆ. ಅವಳು ಅಳುವುದನ್ನು ನಿಲ್ಲಿಸಿ ಕೇಳಿದಳು.

"ಆ ಸರ್ವೇ ಇನ್ನೂ ಕೊಟ್ಟಿಲ್ಲ ಅಲ್ವಾಮ್ಮ?"

"ಇಲ್ಲ."

"ಕೊಡು. ಸೊನ್ನೆ ಇದ್ರೆ ಸೊನ್ನೆ ಕೊಡು. ಇಲ್ಲಾಂದ್ರೆ ಒಂದು. ಶುಗರ್ ಇರೋ ವಯಸ್ಸಾದವರ ಊಟ ಕಿತ್ಕೊಂಡ್ಲು ಅಂತ ಹೇಳು. ಅವಳ ಕೆಲ್ಸ ಹೋಗ್ಲಿ. ನಾವು ಕಳ್ಕೊಂಡಿಲ್ವಾ?"

ನನಗೂ ಅದೇ ಬೇಕಿತ್ತು. ಆ ಹುಡುಗಿಯ ಮುಖ ಚೆನ್ನಾಗಿ ನೆನಪಿತ್ತು. ಯಾವ ಸಾಲಿನಲ್ಲಿ ಕೂತಿದ್ದೆವು ಎನ್ನುವುದು ಉಮಾಶ್ರೀಗೆ ಗೊತ್ತಿತ್ತು. ಸಾಕಿತ್ತು ಅಷ್ಟು.

ಉಮಾಶ್ರೀ ಮಾತ್ರ ನಮ್ಮ ಕಣ್ಣಿಗೆ ಬೀಳದೆ ಓಡಾಡುತ್ತಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು. ಒಂದು ದಿನ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದೆ.

"ಯಾಕೆ ಕಳ್ಳಿ ಥರ ಹೋಗ್ತೀಯ?"

"ನಾ ಕಳಸಿದ್ನಲ್ರೀ ಆಂಟಿ." ಅಲ್ಲೇ ಗೇಟು ಹಿಡಿದುಕೊಂಡು ಅತ್ತಳು. "ಮನಿ ಖಾಲಿ ಮಾಡು ಅಂದ್ರ ಮಾಡ್ತೀನ್ರಿ."

"ಯಾರು ಅಂದ್ರು? ಹೋಗು ಕೆಲ್ಸಕ್ಕೆ. ತಿಥಿ ಆದ್ಮೇಲೆ ನಿಮ್ಮ ಮೇಡಂ ಕರ್ಕೊಂಡು ಬಾ. ನಾನು ಹೇಳೋದು ಐತೆ."

ಹನ್ನೊಂದನೇ ದಿನದ ತಿಥಿಗೆ ಮನೆಯ ಮುಂದೆ ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿದೆವು. ಬಡಿಸಲು ಇವರ ತಂಡದವರೇ ಬಂದರು. ಈಗ ಅವರಿಗೆ ಹಿರಿಯ ಕರೆಪ್ಪ. ರಾಯಚೂರು ಕಡೆಯವನು, ಇವರ ಹಿಂದೆ ಹತ್ತಾರು ವರ್ಷ ಬಕೆಟ್ ಹಿಡಿದವನು. ಇಲ್ಲಿಗೆ ಬಂದು ಇಲ್ಲಿನ ಮಾತೇ ಆಗಿದೆ ಅವನದು. ಜನ ಬಹಳ ಬಂದಿದ್ದರು. ಒಂದು ಪಂಕ್ತಿ ಉಣ್ಣುತ್ತಿರುವಾಗ ಮುಂದಿನ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಮಂಟಪಗಳಲ್ಲಿ ನಿಲ್ಲುತ್ತಾರಲ್ಲ, ಹಾಗೆ.

ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಹಾರೋಹಳ್ಳಿಯಿಂದ ಬಂದಿದ್ದ ನನ್ನ ಸೋದರಮಾವ ಪಕ್ಕದವನ ಜೊತೆ ಬೋರ್‌ವೆಲ್ ವಿಷಯ ಮಾತಾಡುತ್ತಿದ್ದ. ಎಲೆಯಲ್ಲಿ ಮೊಸರನ್ನ ಇನ್ನೂ ಇತ್ತು. ಶ್ವೇತ ಒಳಗಿಂದ ಬಂದಳು.

"ಕರೆಪ್ಪಣ್ಣ, ಆ ಸಾಲು ಬೇಗ ಎತ್ತಿ. ನಮ್ಮತ್ತೆ ಮನೆಯೋರು ನಿಂತೇ ಇದ್ದಾರೆ."

ಕರೆಪ್ಪ ಬಂದು, "ಆಯ್ತಾ ಯಜಮಾನ್ರೆ?" ಅಂದ. ಮಾವ ಮಾತಿನ ನಡುವೆ "ಹೂಂ ಹೂಂ" ಅಂದ, ಬೋರ್‌ವೆಲ್‌ಗೋ ಕರೆಪ್ಪನಿಗೋ ಗೊತ್ತಿಲ್ಲ. ಕರೆಪ್ಪ ಎಲೆ ಮಡಚಿ ಎತ್ತಿಕೊಂಡು ಮುಂದೆ ಹೋದ. ಮಾವ ಕೈ ಇಳಿಸಿದರೆ ಬರೀ ಮೇಜು.

"ಎಲೆ ಎಲ್ಲೋಯ್ತಪ್ಪ?"

"ನಿನ್ನ ಬೋರ್‌ವೆಲ್ ಒಳಗೆ ಬಿತ್ತು. ಏಳು ಮಾವ, ಹಿಂದೆ ಜನ ನಿಂತವ್ರೆ," ಅಂದ ಪಕ್ಕದವನು.

ಎಲ್ಲರೂ ನಕ್ಕರು. ಮಾವನೂ ನಕ್ಕ. ಶ್ವೇತಳೂ ನಕ್ಕಳು, ಅಪ್ಪ ಹೋದ ಮೇಲೆ ಮೊದಲ ಸಲ.

ನಾನು ನಗಲಿಲ್ಲ. ಕರೆಪ್ಪನ ಬೆನ್ನು ನೋಡುತ್ತಿದ್ದೆ. ಅವನಿಗೆ ಈ ಕೆಲಸ ಕಲಿಸಿದವರು ಯಾರು? ಇವರೇ. ಮುಹೂರ್ತದ ದಿನ ನಾನೂ ಎಷ್ಟೋ ಮಂಟಪಕ್ಕೆ ಹೋಗಿದ್ದೇನೆ. ಮೂರನೇ ಪಂಕ್ತಿಗೆ ಜನ ನುಗ್ಗುತ್ತಿರುವಾಗ "ಆಯ್ತಾ ಸಾರ್, ಆಯ್ತಾ ಅಮ್ಮ" ಎನ್ನುತ್ತ ಸಾಲಿನ ತುದಿಯಿಂದ ಬರುತ್ತಿದ್ದವರು ನನ್ನ ಗಂಡ. ಮುಖ ನೋಡುತ್ತಿರಲಿಲ್ಲ. ನೋಡಲು ಹೊತ್ತಿರುತ್ತಿರಲಿಲ್ಲ. ಪಾಯಸ ಉಳಿದಿರುತ್ತಿತ್ತು, ಎತ್ತುತ್ತಿದ್ದರು. ಮಂಟಪ ಖಾಲಿ ಮಾಡಬೇಕಿತ್ತು. ಆ ಎಲೆಗಳ ಮುಂದೆ ಮಾತ್ರೆ ನುಂಗಿ ಕೂತವರು ಯಾರಾದರೂ ಇದ್ದರೋ ಏನೋ. ಯಾರಿಗೆ ಗೊತ್ತು.

ಆ ದಿನ ತಂಡದವರು ಊಟಕ್ಕೆ ಕೂರುವಾಗ ಬಿಸಿಲು ಇಳಿದಿತ್ತು. ಕರೆಪ್ಪ ತುತ್ತು ಎತ್ತುವ ಮೊದಲು ಗೋಡೆಗೆ ಒರಗಿ ಕಣ್ಣು ಮುಚ್ಚಿದ.

"ಏನಾಯ್ತೋ?"

"ಏನಿಲ್ಲ ಅಕ್ಕ. ಬೆಳಿಗ್ಗೆಯಿಂದ ಖಾಲಿ. ತಲೆ ತಿರುಗ್ತು. ದಿನಾ ಇದ್ದದ್ದೇ."

ಎರಡು ದಿನ ಬಿಟ್ಟು ಉಮಾಶ್ರೀ ತನ್ನ ಮೇಡಂ ಜಯಶೀಲಾ ಅವರನ್ನು ಕರೆದುಕೊಂಡು ಬಂದಳು. ನಡುವಯಸ್ಸಿನ ಹೆಂಗಸು. ಮರ್ಯಾದೆಯಾಗಿ ಮಾತಾಡಿದರು.

"ಮಂಗಮ್ಮನವರೆ, ನಿಮಗೆ ಕಷ್ಟ ಆಗೋದಾದ್ರೆ ಇದನ್ನ ಕೈಬಿಡ್ತೀವಿ. ಉಮಾಶ್ರೀಗೇನೂ ತೊಂದರೆ ಆಗಲ್ಲ."

"ಬೇಡ. ಕೇಳಿ."

ಶ್ವೇತ ನನ್ನ ಪಕ್ಕಕ್ಕೆ ಬಂದು ಕೂತಳು. ಜಯಶೀಲಾ ಫೋನನ್ನು ಮೇಜಿನ ಮೇಲಿಟ್ಟು, ಮಾತು ಅದರಲ್ಲಿ ಉಳಿಯುತ್ತದೆ ಎಂದು ಹೇಳಿ ಶುರುಮಾಡಿದರು.

"ಅಗ್ಗದ ವಿಮಾನ ಒಟ್ಟಾರೆ ಹೇಗಿತ್ತು?"

"ಇಕ್ಕಟ್ಟು. ಊಟ ಕೊಡಲ್ಲ ಅಂತ ಮೊದಲೇ ಹೇಳಿದ್ರು, ಕೊಡ್ಲಿಲ್ಲ. ಹೇಳಿದ ಹೊತ್ತಿಗಿಂತ ಮುಂಚೆನೇ ಇಳಿಸಿದ್ರು. ಮೋಸ ಇಲ್ಲ. ಗಂಡ ಹೆಂಡ್ತಿನ ಬೇರೆ ಕೂರಿಸಿದ್ದು ತಪ್ಪು. ಅದನ್ನ ಸರಿಮಾಡಿದ್ದು ಆ ಹುಡುಗಿ, ಕಂಪನಿ ಅಲ್ಲ. ಹುಡುಗಿಗೆ ಐದು ಹಾಕಿ. ಕಂಪನಿಗೆ ಮೂರು."

"ದೊಡ್ಡ ಕಂಪನಿಯದು?"

"ಸೀಟು ಚೆನ್ನಾಗಿತ್ತು. ಕೈ ಮುಗಿದ್ರು. ತಡ ಮಾಡಿದ್ರು, ಯಾಕೆ ಅಂತ ಹೇಳ್ಲಿಲ್ಲ. ಊಟ ಚೆನ್ನಾಗಿತ್ತು."

"ಊಟ ಕೊಟ್ಟ ರೀತಿ?"

ಶ್ವೇತ ನನ್ನ ತೋಳು ಹಿಡಿದಳು. "ಹೇಳಮ್ಮ."

"ಇಳಿಯೋ ಹೊತ್ತಿಗೆ ಕೊಟ್ರು. ಹಿಂದಿನವರಿಗೆ ಕೊಡೋವಷ್ಟರಲ್ಲಿ ಮುಂದಿನವರದು ಎತ್ತಿದ್ರು. ಅಷ್ಟೊತ್ತಲ್ಲಿ ತಿನ್ನೋಕಾಗಲ್ಲ ಅಂತ ಗೊತ್ತಿದ್ರೆ ಯಾಕೆ ಕೊಡಬೇಕು? ಕೊಡಲ್ಲ ಅಂದಿದ್ರೆ ನಾನು ಡಬ್ಬಿ ಕಟ್ಕೊಂಡು ಬರ್ತಿದ್ದೆ. ಅದಕ್ಕೆ ಒಂದು. ಅದು ಹುಡುಗಿ ಮಾಡಿದ್ದಲ್ಲ ಅಂತಲೂ ಬರ್ಕೊಳ್ಳಿ. ಮಾಡಿದೋರು ಆಫೀಸಲ್ಲಿ ಕೂತವ್ರೆ."

"ಸರಿ. ನಿಮ್ಮ ಸಾಲಿಗೆ ಬಡಿಸಿದ ಸಿಬ್ಬಂದಿಗೆ ಬೇರೆ ಅಂಕ ಕೊಡಬೇಕು. ತಟ್ಟೆ ತೆಗೆಯೋ ಮುಂಚೆ ಕೇಳಿದ್ರಾ?"

"ಕೇಳಿದ್ಲು."

"ಅಮ್ಮ!"

"ಕೇಳಿದ್ಲು ಕಣೇ. ಇಂಗ್ಲಿಷಲ್ಲಿ, ಹಿಂದೀಲಿ, ಆಮೇಲೂ ಒಂದ್ಸಲ. ನಿಮ್ಮಪ್ಪ ನಗ್ತಾ ಕೂತಿದ್ರು."

"ಕನ್ನಡ ಬರ್ದೆ ಇದ್ದದ್ದು ಅವಳ ತಪ್ಪಲ್ವಾ? ಕಾಯೋಕೇನಾಗಿತ್ತು?"

"ವಿಮಾನ ಇಳೀತಿತ್ತು. ನೀನು ಮಾವನ ಎಲೆ ಎತ್ತಿಸ್ದಾಗ ಕಾದ್ಯಾ?"

ಶ್ವೇತ ಕೈ ಬಿಟ್ಟಳು. ಉಮಾಶ್ರೀ ನೆಲ ನೋಡುತ್ತಿದ್ದಳು. "ಎಷ್ಟು ಹಾಕಲಿ?" ಎಂದು ಜಯಶೀಲಾ ಕೇಳಿದರು.

"ಮೂರು."

"ಕಾರಣ?"

"ಕೇಳಿದ್ಲು, ಅದಕ್ಕೆ ಮೂರು. ಮುಖ ನೋಡ್ಲಿಲ್ಲ, ಅದಕ್ಕೆ ಐದಿಲ್ಲ."

"ಮೂರು ಅಂದ್ರೆ ಅವರನ್ನ ಯಾರೂ ಕರೆದು ಕೇಳಲ್ಲ. ಗೊತ್ತಲ್ವಾ?"

"ಗೊತ್ತಿದ್ದೇ ಹೇಳಿದ್ದು."

ಶ್ವೇತ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಎರಡು ವಾರ ಫೋನ್ ಮಾಡಲಿಲ್ಲ. ಆಮೇಲೆ ಮಾಡಿದಳು. ಸೊಪ್ಪು ಸಾರಿಗೆ ಎಷ್ಟು ಬೇಳೆ ಹಾಕುವುದು ಎಂದು ಕೇಳಿದಳು. ಅವಳಿಗೆ ಅದು ಗೊತ್ತು. ಆದರೂ ಹೇಳಿದೆ.

ನನ್ನ ಸಿಟ್ಟು ಹೋಗಿದೆ ಎಂದಲ್ಲ. ಆ ಹುಡುಗಿಯ ಮೇಲಿದ್ದದ್ದು ಹೋಗಿದೆ. ಇವರ ಮೇಲೆ ಇದೆ. ತಟ್ಟೆ ಮುಂದಿತ್ತು. ಬಿಸಿ ಇತ್ತು. ಹೆಂಡತಿ ತಿನ್ನಿ ಅಂದಳು. ತಿನ್ನಲಿಲ್ಲ. ಕಂಡವರ ಎಲೆಗೆಲ್ಲ ಹೊಟ್ಟೆ ತುಂಬ ಬಡಿಸಿದ ಮನುಷ್ಯ ಖಾಲಿ ಹೊಟ್ಟೆಯಲ್ಲಿ ಬಸ್ಸಿನಲ್ಲಿ ನಡುಗುತ್ತ ಕೂತರು. ಅದನ್ನು ನೆನೆದರೆ ಈಗಲೂ ಬೈಯುತ್ತೇನೆ, ಗೋಡೆಯ ಮೇಲಿನ ಫೋಟೋಗೆ, ಜೋರಾಗಿ. ಮೇಲಿನ ಮನೆಯ ಉಮಾಶ್ರೀಗೂ ಕೇಳಿಸುತ್ತದೆ.

ತಂಡ ಈಗಲೂ ನಮ್ಮ ಗೇಟಿನಿಂದಲೇ ಹೊರಡುತ್ತದೆ. ಟೆಂಪೊ ಇಲ್ಲಿಗೇ ಬರುತ್ತದೆ. ಮುಹೂರ್ತ ಇಲ್ಲದ ದಿನ ನಾಮಕರಣ ಇರುತ್ತದೆ, ಆಷಾಢದಲ್ಲಿ ತಿಥಿ ಇರುತ್ತದೆ, ಜನ ಉಣ್ಣುವುದು ನಿಲ್ಲುವುದಿಲ್ಲ. ತಿಥಿ ಮುಗಿದ ಆ ವಾರವೇ ನಾನು ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡಿ ಜಗಲಿಯ ಮೇಲೆ ತಂದಿಟ್ಟೆ. ಯಾರೂ ಮುಟ್ಟಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು.

"ಬಡಿಸೋಕೆ ಮುಂಚೆ ತಿನ್ನೋದಾ ಅಕ್ಕ? ಮೇಸ್ತ್ರಿ ಇದ್ದಿದ್ರೆ ಒಪ್ತಿರ್ಲಿಲ್ಲ," ಅಂದ ಕರೆಪ್ಪ.

"ಇಲ್ಲವಲ್ಲ. ತಟ್ಟೆ ಹಿಡಿ."

ಹಿಡಿದ.

ಈಗ ದಿನವೂ ಎದ್ದ ಕೂಡಲೇ ಒಲೆ ಹಚ್ಚುತ್ತೇನೆ. ಉಪ್ಪಿಟ್ಟು, ಇಲ್ಲದಿದ್ದರೆ ಅವಲಕ್ಕಿ, ಕೆಲವು ದಿನ ಚಿತ್ರಾನ್ನ. ಪಾತ್ರೆ ಹೊರಗಿಟ್ಟು ಸೌಟು ಹಿಡಿದು ಮೆಟ್ಟಿಲ ಮೇಲೆ ಕೂರುತ್ತೇನೆ. ಮೊದಲು ಬಂದವನಿಗೆ ಮೊದಲು ಹಾಕುತ್ತೇನೆ, ಅವನು ಅಲ್ಲೇ ನಿಂತು ತಿನ್ನುತ್ತಾನೆ. ಉಳಿದವರು ಬರಲಿ ಎಂದು ಯಾರನ್ನೂ ಕಾಯಿಸುವುದಿಲ್ಲ. ಉಮಾಶ್ರೀ ಕೆಲಸಕ್ಕೆ ಇಳಿದು ಬಂದರೆ ಅವಳಿಗೂ ಹಾಕುತ್ತೇನೆ. "ಲೇಟಾಗೈತ್ರಿ ಆಂಟಿ" ಅನ್ನುತ್ತಾಳೆ. ತಿಂದೇ ಹೋಗುತ್ತಾಳೆ. ಟೆಂಪೊ ಹೋದ ಮೇಲೆ ಪಾತ್ರೆಯನ್ನು ಹಿತ್ತಲ ನಲ್ಲಿಗೆ ತೆಗೆದುಕೊಂಡು ಹೋಗಿ ತಿಕ್ಕುತ್ತೇನೆ. ತಳ ಹಿಡಿದಿರುತ್ತದೆ. ಹೊತ್ತು ಹಿಡಿಯುತ್ತದೆ.